ಮಾಸ್ತರರ ವಿಲಾಯತಿ ಪಾನಾಗಳು

ಮೊನ್ನೆ ಹುಬ್ಬಳ್ಳಿ ಕಮರಿಪೇಟೆಯ ಸೈಕಲ್ ಅಂಗಡಿಯವನು ಹಳೆಯ ಸೀಟಿನ ಚರ್ಮಕ್ಕೆ ಔಡಲ ಎಣ್ಣೆ ತಿಕ್ಕುತ್ತ ಕೂತಿದ್ದ. ಪಂಕ್ಚರ್ ಹಾಕಿಸಲು ಹೋದ ನಾನು ಆ ವಾಸನೆಗೆ ಸುಮ್ಮನೆ ನಿಂತುಬಿಟ್ಟೆ. ನಾನು ಸುಮ್ಮನೆ ನಿಂತದ್ದನ್ನು ಕಂಡವರು ಈ ಊರಲ್ಲಿ ಕಡಿಮೆ. ಔಡಲ ಎಣ್ಣೆ ಎಂದರೆ ಉಳಿದವರಿಗೆ ಹೊಟ್ಟೆ ನೆನಪಾಗುತ್ತದೆ. ನನಗೆ ಧಾರವಾಡದ ಡ್ರಾಯಿಂಗ್ ಮಾಸ್ತರರು ನೆನಪಾದರು...

ಓದುವ ನೆಪದಲ್ಲಿ ನಾನಾಗ ಧಾರವಾಡದಲ್ಲಿ ಖೋಲಿ ಹಿಡಿದಿದ್ದೆ. ಓದಿದ್ದಕ್ಕಿಂತ ಪ್ರೊಫೆಸರರ ದನಿ ತೆಗೆದು ಅಣಕಿಸಿದ್ದೇ ಹೆಚ್ಚು. ಪರೀಕ್ಷೆಯಲ್ಲಿ ದನಿ ಕೇಳುವುದಿಲ್ಲವೆಂಬುದು ಫಲಿತಾಂಶ ಬಂದ ಮೇಲೆ ತಿಳಿಯಿತು. ಪಕ್ಕದ ಮನೆ ಮಾಸ್ತರರದು. ವಿಲಾಯತಿಗೆ ಮರಳುತ್ತಿದ್ದ ಸಾಹೇಬನೊಬ್ಬನಿಂದ ಅವರು ಮೋಟರ್ ಸೈಕಲ್ ಕೊಂಡಿದ್ದರು. ಆದರೆ ಗಾಡಿಗಿಂತ ಅವರಿಗೆ ಪ್ರೀತಿ, ಅದರ ಜೊತೆ ಕಾರ್ಖಾನೆಯಿಂದಲೇ ಬಂದ ಹತ್ಯಾರಗಳ ಮೇಲೆ. ಚರ್ಮದ ಸುರುಳಿ ಬಿಡಿಸಿದರೆ ಸಾಲು ಕಿಸೆಗಳು. ಒಂದೊಂದರಲ್ಲಿ ನಟ್ಟು ಬಿಚ್ಚುವ ಒಂದೊಂದು ಪಾನಾ, ಟಯರ್ ಎಬ್ಬಿಸುವ ಪಟ್ಟಿ, ಬೆರಳುದ್ದದ ಎಣ್ಣೆ ಡಬ್ಬಿ. ಆ ಗಾಡಿಯ ನಟ್ಟುಗಳ ಅಳತೆಯೇ ಬೇರೆ, ಹುಬ್ಬಳ್ಳಿ ಪೇಟೆಯ ಯಾವ ಪಾನಾವೂ ಅವಕ್ಕೆ ಕೂಡುತ್ತಿರಲಿಲ್ಲ.

ಪ್ರತಿ ರವಿವಾರ ಮಾಸ್ತರರು ಸುರುಳಿ ಹರಡಿ, ಚರ್ಮಕ್ಕೆ ಔಡಲ ಎಣ್ಣೆ ಹಚ್ಚಿ, ಪಾನಾಗಳನ್ನು ಒರೆಸಿ, ಮೇಣದ ಕಾಗದ ಸುತ್ತಿ ಮತ್ತೆ ಮಲಗಿಸುತ್ತಿದ್ದರು. ಬಳಸುತ್ತಿರಲಿಲ್ಲ. ಏನಾದರೂ ಸಡಿಲಾದರೆ ಸುತಳಿ ಕಟ್ಟುತ್ತಿದ್ದರು. ಸುತಳಿ ಏರಿ ಏರಿ ಗಾಡಿ ಬಿಗಿದು ಕಟ್ಟಿದ ಅರಳೆಯ ಅಂಡಿಗೆಯಂತಾಗಿತ್ತು.

ಅವರ ತಮ್ಮ ಹುಬ್ಬಳ್ಳಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್. ಸೂಟಿಗೆ ಬಂದಾಗೊಮ್ಮೆ ಗಾಡಿ ಕೆಮ್ಮುವುದನ್ನು ಕೇಳಲಾರದೆ, ಅಣ್ಣ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಸುರುಳಿಯಿಂದ ಪಾನಾ ತೆಗೆದು ಪ್ಲಗ್ ಬಿಚ್ಚಿ ತೊಳೆದ. ಗಾಡಿ ಬೆಕ್ಕಿನಂತೆ ಗುರುಗುಟ್ಟಿತು. ಆದರೆ ಪಾನಾದ ಅಂಚಿಗೆ ಗೀರು ಬಿತ್ತು.

“ಕಾರ್ಖಾನಿಂದ ಬಂದಂಗ ಇಟ್ಟಿದ್ನಲ್ಲಲೇ!” ಎಂದರು ಮಾಸ್ತರರು, ಒದ್ದೆ ಮೈಯಲ್ಲೇ.

“ಪಾನಾ ಇರೂದು ಬಿಚ್ಚಾಕ ಅಣ್ಣಾ. ತೊಟ್ಲಾಗ ಹಾಕಿ ತೂಗಾಕಲ್ಲ.”

“ನನ್ನ ಹೊಸ್ತಲಾ ಮತ್ತ ತುಳೀಬ್ಯಾಡ.”

ತಮ್ಮ ತುಳಿಯಲಿಲ್ಲ. ಅವರವ್ವ ಊಟಕ್ಕೆ ಕೂತಾಗಲೆಲ್ಲ ಬಾಗಿಲ ಕಡೆಗೆ ನೋಡುತ್ತಿದ್ದಳು...

ಮುಂದೆ ಯುದ್ಧ ಬಂತು. ಹತ್ಯಾರ ಪೂಜೆಯ ಖಂಡೇ ನವಮಿಯ ದಿನ ನಾನು ಹುಬ್ಬಳ್ಳಿಯಿಂದ ಮರಳುವಾಗ ಅಲ್ಲಿಯ ಸ್ಟೇಶನ್ನಿನಲ್ಲಿ ಮಾಸ್ತರರ ತಮ್ಮ ಸಿಕ್ಕ, ಕೈಯಲ್ಲಿ ಟ್ರಂಕು. ಪಲ್ಟನ್ನಿನ ಲಾರಿ ರಿಪೇರಿಗೆ ಸೇರಿದ್ದ. “ಬಾ ಅಂತ ಹೇಳಬ್ಯಾಡ. ಹೊಂಟಾನ ಅಂತಷ್ಟ ಹೇಳು,” ಎಂದ. ನಾನು ಬಂದು ಹೇಳಿದೆ.

“ಎಷ್ಟೊತ್ತಿಗೆ?” ಎಂದರು ಮಾಸ್ತರರು.

“ಹುಬ್ಬಳ್ಳಿಂದ ಹೊಂಡೂ ಮಧ್ಯಾಹ್ನದ ಬೆಂಗಳೂರ ಗಾಡಿಗೆ ರೀ. ನಮ್ಮ ಕಡಿಂದ ಹುಬ್ಬಳ್ಳಿಗೆ ಇನ್ನ ಸಂಜೀತನಕ ಗಾಡಿ ಇಲ್ಲ.”

ಮಾತು ಮುಗಿಯುವ ಮೊದಲೇ ಅವರು ಅಂಗಳದಲ್ಲಿದ್ದರು. ಮೋಟರ್ ಸೈಕಲ್ಲಿನ ಕಿಕ್ ಒದ್ದರು, ಒದ್ದರು, ಮತ್ತೆ ಒದ್ದರು. ಗಾಡಿ ಎರಡು ಸಲ ಕೆಮ್ಮಿ ಸತ್ತಿತು. ಬಿಚ್ಚಬೇಕಾದದ್ದು ಅದೇ ಪ್ಲಗ್. ಪಾನಾಗಳೋ ಮಣೆಯ ಮೇಲೆ, ಕುಂಕುಮ ಹಚ್ಚಿಸಿಕೊಂಡು ಚೆಂಡು ಹೂವಿನಡಿ ಕೂತಿದ್ದವು. ಪೂಜೆಗಿಟ್ಟ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ. ಅವ್ವ ದೇವರಮನೆಯಲ್ಲೇ ಇದ್ದಳು. ಮಾಸ್ತರರು ಅವಳ ಮುಖ ನೋಡಲಿಲ್ಲ; ಪಾನಾ ಎತ್ತಿಕೊಂಡು ಬಂದೇಬಿಟ್ಟರು.

ಬಂದು, ಪ್ಲಗ್ಗಿಗೆ ಕೂಡಿಸಿ, ಹಾಗೇ ನಿಂತರು. ಎಡಕ್ಕೋ ಬಲಕ್ಕೋ? ಇಷ್ಟು ವರ್ಷ ಒರೆಸಿದ ಪಾನಾವನ್ನು ಒಮ್ಮೆಯೂ ತಿರುಗಿಸಿದವರಲ್ಲ. ತಿರುಗಿಸಿದರು, ಬಿಗಿಯಾಯಿತು.

ನನಗೆ ಯಂತ್ರದ ಗಂಧಗಾಳಿ ಇಲ್ಲ. ಆದರೆ ತಮ್ಮ ಪ್ಲಗ್ ಬಿಚ್ಚಿದ್ದನ್ನು ಗೋಡೆಯ ಮೇಲಿಂದ ನೋಡಿ, ಓಣಿಯ ಕಟ್ಟೆಯ ಮೇಲೆ ಎಷ್ಟೋ ಸಲ ಅಭಿನಯಿಸಿ ನಗಿಸಿದ್ದೆ. “ಸರೀರಿ ಮಾಸ್ತರ,” ಎಂದೆ. ನನ್ನ ಆಟ ತುಂಡು ತುಂಡಾಗಿ ಬರುವುದಿಲ್ಲ, ಇಡೀ ಮನುಷ್ಯನೇ ಬರಬೇಕು. ನಾಲಗೆ ಹಲ್ಲಿಗೆ ಸಿಕ್ಕಿಸಿದೆ, ಎಡಗಾಲು ಊರಿದೆ, ಮೊಣಕೈ ಎತ್ತಿ ಅವನಂತೆಯೇ ಒಂದು ಝಟಕಾ ಕೊಟ್ಟೆ. ಪ್ಲಗ್ ಕೈಗೆ ಬಂತು! ಒರೆಸಿ, ಊದಿ, ಮತ್ತೆ ಕೂಡಿಸಿ, ಗಾಡಿಗೆ ಅವನ ದನಿಯಲ್ಲೇ ಕೂಗಿದೆ: “ಏಳ ನನ್ನ ಪಟ್ಟದ ರಾಣಿ, ಎಷ್ಟ ಮಲಗ್ತಿ!”

ಒಳಗಿಂದ ಅವ್ವ ಓಡಿ ಬಂದಳು. “ಯಾವಾಗ ಬಂದ್ಯೋ?”

ಬಂದವಳು ನನ್ನನ್ನು ನೋಡಿದಳು. ನನ್ನ ನಾಲಗೆ ಇನ್ನೂ ಹಲ್ಲಿನ ನಡುವೆಯೇ ಇತ್ತು... ಅವಳು ಬಯ್ಯಲಿಲ್ಲ. ಒಳಗೆ ಹೋಗಿ, ಉಳಿದ ಪಾನಾಗಳನ್ನು ಹೂವು ಕುಂಕುಮ ಸಮೇತ ಸುರುಳಿ ಸುತ್ತಿ ತಂದು ಮಗನ ಕೈಗೆ ಕೊಟ್ಟಳು. “ದಾರ್ಯಾಗ ನಿಂತ್ರ ಬೇಕಾಗ್ತಾವ. ದೇವಿಗೆ ನಾ ಹೇಳ್ತೇನಿ. ಲಗೂ ಹೋಗು.”

ಒಂದೇ ಒದೆತಕ್ಕೆ ಗಾಡಿ ಗುರುಗುಟ್ಟಿತು, ಹಿಂದೆ ನಾನು ಕೂತೆ. ದಾರಿಯಲ್ಲಿ ಅಮರಗೋಳ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಸ್ಟೇಶನ್ನಿನಲ್ಲಿ ಶಿಳ್ಳೆ ಆಗಿತ್ತು. ಮಾಸ್ತರರು ಧೋತರದ ಚುಂಗು ಹಿಡಿದು ಡಬ್ಬಿಯಿಂದ ಡಬ್ಬಿಗೆ ಓಡಿದರು. ತಮ್ಮ ಕಿಟಕಿಯಲ್ಲಿದ್ದ. ಇಬ್ಬರೂ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಮಾಸ್ತರರು ಪ್ಲಗ್ಗಿನ ಪಾನಾವನ್ನೂ ಸೇರಿಸಿ ಸುರುಳಿಯನ್ನು ಕಿಟಕಿಯೊಳಗೆ ತುರುಕಿದರು.

“ಅಣ್ಣಾ, ಪಲ್ಟನ್ ಲಾರಿಗೆ ಇವು ಕೂಡಂಗಿಲ್ಲ.”

“ಗೊತ್ತೈತಿ.”

“ಮತ್ತ ನಿನ್ನ ಗಾಡಿ?”

“ನೀ ಬಂದು ಬಿಚ್ಚು. ಅಲ್ಲೀತನಕ ಅದಕ್ಕ ಯಾರೂ ಕೈ ಹಚ್ಚಂಗಿಲ್ಲ.”

ರೈಲು ಹೊರಟಿತು. ಮರಳುವಾಗ ಅಮರಗೋಳ ದಾಟಿದ ಮೇಲೆ ಗಾಡಿ ನಿಂತಿತು. ಬಿಚ್ಚಲು ಒಂದು ಪಾನಾವೂ ಇರಲಿಲ್ಲ. ಧಾರವಾಡದವರೆಗೆ ನೂಕಿದೆವು. ನಾನು ಗಾಡಿಯ ಕೊನೆಯ ಕೆಮ್ಮನ್ನು ಕೆಮ್ಮಿ ತೋರಿಸಿದೆ, ಮಾಸ್ತರರು ರಸ್ತೆಯಲ್ಲೇ ಕೂತು ನಕ್ಕರು. ಹಾಗೆ ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

ಬರ್ಮಾದ ಕಡೆಯಿಂದ ಕೆಲವು ಪತ್ರ ಬಂದವು, ಆಮೇಲೆ ಬರಲಿಲ್ಲ. ಉಳಿ ಹಾಕಿ ನಟ್ಟು ಎಬ್ಬಿಸುತ್ತೇನೆಂದ ಕಮ್ಮಾರನನ್ನು ಮಾಸ್ತರರು ಅಂಗಳದಿಂದಲೇ ಓಡಿಸಿದರು. ಅವ್ವ ಹೋದಳು. ಯುದ್ಧ ಮುಗಿಯಿತು, ಹೋದವರಲ್ಲಿ ಕೆಲವರು ಬಂದರು. ಹೋದ ವರ್ಷ ಮಾಸ್ತರರೂ ಹೋದರು.

ಈಗ ಆ ಮನೆ ಬೇರೆಯವರದು. ಮೊನ್ನೆ ಪಂಕ್ಚರ್ ಹಾಕಿಸಿಕೊಂಡವನು ಕೆಲಸ ಬಿಟ್ಟು ನೇರ ಧಾರವಾಡಕ್ಕೆ, ಅಲ್ಲಿಗೇ ಹೋದೆ. ಗುಜರಿಯವರು ಗಾಡಿಯನ್ನು ಬಿಚ್ಚಿ ಒಯ್ಯಲು ಬಂದಿದ್ದರು. ಯಾವ ಪಾನಾವೂ ಕೂಡದೆ, ಕಡೆಗೆ ಇಡಿಯಾಗಿ ಚಕ್ಕಡಿಗೆ ಏರಿಸುತ್ತಿದ್ದರು. “ನಿಮಗ ಸಂಬಂಧಪಟ್ಟದ್ದೇನ್ರಿ?” ಎಂದ ಮನೆಯವ. ಬಿಚ್ಚುವವನು ಬರುವವನಿದ್ದಾನೆ ಎನ್ನಲು ಬಾಯಿ ತೆರೆದೆ... ಊರಿನವರೆಲ್ಲರ ದನಿ ತೆಗೆಯುವ ನನಗೆ ಆಗ ನನ್ನದೂ ಸಿಗಲಿಲ್ಲ. ಚಕ್ಕಡಿ ತಿರುವು ದಾಟುವವರೆಗೆ ನಿಂತಿದ್ದೆ.