ಬರಿ ಹೆದೆ ಬಿಟ್ಟ ಮಧ್ಯಾಹ್ನ

ಮೊನ್ನೆ ವಿಜಯವಾಡದ ಪಟಮಟದಲ್ಲಿ, ಗೆಳತಿಯ ಮನೆಯಲ್ಲಿ, ನಾವು ನಾಲ್ವರು ಕೂತು ನಮ್ಮ ನಮ್ಮ ಮೊದಲ ಬಿಲ್ಲುಗಳ ಮಾತಾಡುತ್ತಿದ್ದೆವು. ಮೂವತ್ತೈದು ವರ್ಷದ ಹಿಂದೆ ಒಂದೇ ಮೈದಾನದಲ್ಲಿ ಬಿಲ್ಲು ಹಿಡಿದವರು ನಾವು. ಈಗ ಒಬ್ಬಳಿಗೆ ಮಂಡಿನೋವು, ಒಬ್ಬಳಿಗೆ ಸಕ್ಕರೆ ಕಾಯಿಲೆ, ನನಗೆ ಬಲಭುಜ ಮೇಲೇಳುವುದಿಲ್ಲ. ಒಬ್ಬಳ ಮೊದಲ ಬಿಲ್ಲು ಅಕ್ಕನದಂತೆ. ಇನ್ನೊಬ್ಬಳದನ್ನು ಅತ್ತೆ ಹಳೇ ಸಾಮಾನಿನವನಿಗೆ ಹಾಕಿದರಂತೆ. ನನ್ನ ಸರದಿ ಬಂದಾಗ, "ನನ್ನದಕ್ಕೆ ಗೆದ್ದಲು ಹಿಡಿಯಿತು" ಎಂದೆ. ಹಸಿ ಸುಳ್ಳು. ವಿಶಾಖಪಟ್ಟಣದಿಂದ ನನ್ನ ಜೊತೆ ಬಂದಿದ್ದ ಮಗಳು ಪಕ್ಕದಲ್ಲೇ ಕೂತಿದ್ದಳು.

ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಧಾರವಾಡದಿಂದ ವಿಜಯವಾಡಕ್ಕೆ ವರ್ಗವಾದಾಗ ನನಗೆ ಹನ್ನೊಂದು. ತೆಲುಗು ಬಾರದೆ ಶಾಲೆಯಲ್ಲಿ ಮೂಗಿಯಾಗಿದ್ದೆ. ನನ್ನ ಮೋರೆ ಒಂದಿಷ್ಟು ಅರಳಲಿ ಎಂದು ಅಪ್ಪ ಬಿದಿರಿನ ಬಿಲ್ಲು ಕೊಡಿಸಿದರು. ಮೊದಲ ದಿನ ಕೋಚ್ ಹೇಳಿದ್ದು ಒಂದೇ ಮಾತು: ಬಾಣ ಹೂಡದೆ ಹೆದೆ ಎಳೆದು ಬಿಡಬೇಡ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಬಡಿದು ಬಿಲ್ಲು ಒಡೆಯುತ್ತದೆ. ಮುಂದೆ ನೌಕಾಪಡೆಯವರನ್ನು ಮದುವೆಯಾಗಿ ವಿಶಾಖಪಟ್ಟಣದ ಕ್ವಾರ್ಟರ್ಸಿಗೆ ಬಂದ ಮೇಲೆ, ಬೇಸಿಗೆ ರಜೆಯಲ್ಲಿ ಅಲ್ಲಿನ ಮಕ್ಕಳಿಗೆಲ್ಲ ನಾನೂ ಇದನ್ನೇ ಗಂಟಲು ಹರಿಯುವಂತೆ ಹೇಳಿದೆ.

ಹೇಳದೆ ಬಿಟ್ಟದ್ದು ನನ್ನ ಮಗಳಿಗೆ ಮಾತ್ರ. "ಅಮ್ಮಾ, ನನಗೂ ಕಲಿಸು" ಎಂದು ಸೆರಗು ಹಿಡಿದು ಸುತ್ತುತ್ತಿದ್ದಳು. ಪರೀಕ್ಷೆ ಮುಗಿಯಲಿ, ಸೆಕೆ ಕಡಿಮೆಯಾಗಲಿ ಎಂದು ತಳ್ಳುತ್ತಾ ಬಂದೆ. ಮನೆಯವಳೇ ತಾನೆ, ಎಲ್ಲಿಗೆ ಹೋಗುತ್ತಾಳೆ ಎಂಬ ಉಡಾಫೆ. ಅವಳಿಗೂ ಹನ್ನೊಂದಾಗಿದ್ದಾಗ ಒಂದು ಮಧ್ಯಾಹ್ನ ಕೋಣೆಯಿಂದ ಫಟ್ಟೆಂದು ಸದ್ದು ಕೇಳಿತು. ಒಗ್ಗರಣೆ ಬಿಟ್ಟು ಓಡಿದೆ. ಬೀರುವಿನ ಮೇಲಿಂದ ನನ್ನ ಬಿಲ್ಲು ಇಳಿಸಿ, ಹೇಗೋ ತಾನೇ ಹೆದೆ ಏರಿಸಿ, ಬಾಣವಿಲ್ಲದೆ ಎಳೆದು ಬಿಟ್ಟಿದ್ದಳು. ಬಿದಿರು ಉದ್ದಕ್ಕೆ ಸೀಳಿತ್ತು.

ನಾನು ಬಿಲ್ಲನ್ನು ಎತ್ತಿಕೊಂಡೆ. ಬಿಲ್ಲನ್ನೇ ತಿರುಗಿಸಿ ತಿರುಗಿಸಿ ನೋಡಿದೆ. "ಹಾಳ ಮಾಡಿದೆಲ್ಲ! ಇನ್ನ ಮ್ಯಾಲೆ ಬಿಲ್ಲ ಮುಟ್ಟಿದ್ರ ನೋಡು!" ಎಂದು ಕಿರುಚಿದೆ. ಅವಳು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಹೆದರಿದ್ದಾಳೆ ಎಂದುಕೊಂಡೆ. ಆಮೇಲೆ ಅವಳು ಬಿಲ್ಲಿನ ಮಾತೇ ಎತ್ತಲಿಲ್ಲ. ನನ್ನ ಜೊತೆ ಮಾತೇ ಕಡಿಮೆಯಾಯಿತು, ಆಡಿದರೂ ಅರ್ಧ ತೆಲುಗು.

ಇದೆಲ್ಲ ನನ್ನ ತಲೆಯಲ್ಲಿ ಓಡುತ್ತಿರುವಾಗಲೇ ಮಗಳು ತೆಲುಗಿನಲ್ಲಿ, "ಗೆದ್ದಲು ಅಲ್ಲ ಆಂಟೀ, ನಾನೇ ಮುರಿದದ್ದು. ಬಾಣ ಇಲ್ಲದೆ ಬಿಟ್ಟೆ" ಎಂದಳು. ಇಬ್ಬರು ಗೆಳತಿಯರು ಗೊಳ್ಳೆಂದು ನಕ್ಕರು. ಮನೆಯೊಡತಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, "ಅಯ್ಯೋ ತಲ್ಲೀ, ನಿನಗೆಲ್ಲಿ ಬಡೀತಮ್ಮಾ?" ಎಂದಳು.

ಬಿಲ್ಲು ಹಿಡಿದ ಯಾರಿಗಾದರೂ ಮೊದಲು ಹೊಳೆಯಬೇಕಾದ ಪ್ರಶ್ನೆ ಅದು. ಮಗಳು ಅಂಗಿಯ ಎಡತೋಳನ್ನು ಮೇಲಕ್ಕೆ ಮಡಚಿ, ಮೊಣಕೈ ಒಳಮಗ್ಗುಲಿನ ಕಲೆ ತೋರಿಸಿದಳು. ಬಿದಿರಿನ ಸಿಬಿರು ಹೊಕ್ಕಿತ್ತಂತೆ, ಪಕ್ಕದ ಮನೆಯವರು ತೆಗೆದರಂತೆ. ಎಂಟು ವರ್ಷದಿಂದ ಆ ಕಲೆ ನನ್ನ ಕಣ್ಣ ಮುಂದೆಯೇ ಇದೆ. ಸೈಕಲಿನಿಂದ ಬಿದ್ದೆ ಎಂದಿದ್ದಳು, ನಂಬಿದ್ದೆ. ಬಿಲ್ಲು ಹಿಡಿಯುವ ಕೈಯ ಒಳಮಗ್ಗುಲಿಗೆ ಸೈಕಲಿನಿಂದ ಬಿದ್ದರೆ ಹಾಗೆ ಗಾಯವಾಗುತ್ತದೆಯೇ? ಊರಿಗೆಲ್ಲ ಕಲಿಸಿದ ನನಗೆ ಅಷ್ಟೂ ತಿಳಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ವಾಪಸಾಗುವ ರೈಲಿನಲ್ಲಿ, "ಯಾಕ ಹೇಳಲಿಲ್ಲ ನನಗ?" ಎಂದೆ.

ಕಿಟಕಿಯಿಂದ ಮುಖ ತಿರುಗಿಸಿ, ಅಪರೂಪಕ್ಕೆ ಪೂರಾ ಕನ್ನಡದಲ್ಲೇ ಹೇಳಿದಳು: "ನೀ ಕೇಳ್ಲೇ ಇಲ್ಲಲ್ಲಮ್ಮಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.