ಕೈಯ ಹಸಿರು ನರಗಳೂ ನಮ್ಮ ಡಾಕ್ಟರಮ್ಮನೂ

ಸೂಲೂರು ಸುತ್ತಿನ ನೂಲಿನ ಗಿರಣಿಗಳಲ್ಲೂ ಮಗ್ಗದ ಮನೆಗಳಲ್ಲೂ ದುಡಿಯುವ ಹೆಣ್ಣುಮಕ್ಕಳ ಆರೋಗ್ಯದ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಡಾ. ಮೇರಿ ಅವರದು. ಕೊಳ್ಳೇಗಾಲದಿಂದ ಇಲ್ಲೇ ಹತ್ತಿರದ ಪೀಳಮೇಡಿಗೆ ವೈದ್ಯಕೀಯ ಓದಲು ಬಂದು, ಓದು ಮುಗಿದ ಮೇಲೂ ಹಿಂದಿರುಗದೆ, ಕಾರ್ಮಿಕರ ದವಾಖಾನೆಯೊಂದರಲ್ಲೇ ಸೇವಾವಧಿಯನ್ನೆಲ್ಲ ಕಳೆದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ.

ಹೊಸತರಲ್ಲಿ ಅವರಿಗೆ ಇಲ್ಲಿನ ನೇಕಾರರು ಮನೆಯಲ್ಲಾಡುವ, ತಮಿಳು ಬೆರೆತ ಕನ್ನಡ ತಿಳಿಯುತ್ತಿರಲಿಲ್ಲ. “ನೀವು ಮಾತಾಡಿದ್ರೆ ರೇಡಿಯೋ ಕೇಳ್ದಂಗೆ ಇರ್ತದೆ ಡಾಕ್ಟ್ರಮ್ಮಾ” ಎಂದು ಹೆಂಗಸರು ನಗುತ್ತಿದ್ದರು. ದಿನವಿಡೀ ನಿಂತು ಕಾಲಿನ ನರ ಗಂಟುಗಟ್ಟಿದವರು ನಾಚಿ ಸೀರೆಯಂಚನ್ನು ಕೆಳಗೆಳೆದುಕೊಂಡರೆ, ಅವರು ಮೊದಲು ಮನೆಯ ಸುದ್ದಿ ಕೇಳಿ, ಆಮೇಲೆ ಕಾಲು ನೋಡುತ್ತಿದ್ದರು. ಗಿರಣಿಯ ಮ್ಯಾನೇಜರರೊಂದಿಗೆ ಜಗಳವಾಡಿ ಆ ಹೆಂಗಸರಿಗೆ ಸ್ಟೂಲು ಕೊಡಿಸಿದವರೂ ಅವರೇ.

ಅವರ ಸ್ವಭಾವವನ್ನು ತೋರಿಸುವ ಪ್ರಸಂಗವೊಂದನ್ನು, ಅದರಲ್ಲಿ ಭಾಗಿಯಾದ ಮೂವರೂ ಒಪ್ಪಿದ್ದರಿಂದ, ಇಲ್ಲಿ ಬರೆಯಬಹುದಾಗಿದೆ.

ಹೋದ ಬೇಸಿಗೆಯಲ್ಲಿ ಅನ್ನೂರಿನ ತಂಗಮಣಿ, ಸೂಲೂರಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಕೃತ್ತಿಕಾಳನ್ನು ಕೈಹಿಡಿದು ದವಾಖಾನೆಗೆ ಕರೆತಂದರು. ಹಿಂದೆಯೇ ಮಗಳ ಅತ್ತೆ ಪಳನಿಯಮ್ಮ ತಲೆ ತಗ್ಗಿಸಿಕೊಂಡು ಬಂದರು.

“ನೋಡಿ ಡಾಕ್ಟ್ರಮ್ಮಾ, ನನ್ ಮಗಳ ಕೈ! ನರಂಬೆಲ್ಲಾ ಹಸಿರಾಗಿ ಎದ್ದವೆ. ಹೊಟ್ಟೆಗೆ ಹಾಕ್ದೆ ರತ್ತ ಸುಂಡಿಸವ್ರೆ ಈ ಸಂಬಂಧಿಯಮ್ಮ. ನಾ ಈವತ್ತೇ ಇವಳನ್ನ ಅನ್ನೂರಿಗೆ ಕರ್ಕಂಡೋಗ್ತೀನಿ. ಮತ್ತೆ ಕಳಿಸಾಕಿಲ್ಲ.”

ಡಾ. ಮೇರಿಯವರಿಗೆ ಇಕ್ಕಟ್ಟಾಯಿತು. ಕೃತ್ತಿಕಾ ಕೆಲವು ವಾರಗಳ ಹಿಂದೆ ಒಬ್ಬಳೇ ಬಂದು ನಿಜವನ್ನು ಹೇಳಿದ್ದಳು: ಅವಳು ಪೊಲೀಸ್ ಆಯ್ಕೆಗೆ ತಯಾರಾಗುತ್ತಿದ್ದಳು. ಖಾಕಿ ತೊಟ್ಟರೆ ನನ್ನ ಮುಖ ನೋಡಬೇಡ ಎಂದು ತಾಯಿ ಮದುವೆಗೆ ಮುಂಚೆಯೇ ಅಂದಿದ್ದರಿಂದ, ಯಾರಿಗೂ ಹೇಳಬಾರದೆಂದು ಅತ್ತೆಯಿಂದಲೂ ವೈದ್ಯರಿಂದಲೂ ಮಾತು ತೆಗೆದುಕೊಂಡಿದ್ದಳು. ರೋಗಿ ನಂಬಿ ಹೇಳಿದ್ದನ್ನು ಆಡುವಂತಿಲ್ಲ. ಆಡದಿದ್ದರೆ ತಪ್ಪಿಲ್ಲದ ಹೆಂಗಸಿನ ಹೆಸರು ಕೆಡುತ್ತದೆ, ಒಂದು ಸಂಸಾರ ಒಡೆಯುತ್ತದೆ.

ಅವರು ಅವಸರಪಡದೆ ಕೃತ್ತಿಕಾಳ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಚೆನ್ನಾಗಿಯೇ ಇದೆಯೆಂದು ತಾಯಿಗೆ ಹೇಳಿದರು. ಆಮೇಲೆ ತಂಗಮಣಿಯ ಕೈಯನ್ನೇ ತಮ್ಮ ಕೈಗೆ ತೆಗೆದುಕೊಂಡರು.

“ಕೈ ಇಳಿಬಿಡಿ. ನರ ಉಬ್ಬಿತಲ್ಲ? ಈಗ ಕೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ. ಇಳಿಯಿತು ನೋಡಿ. ನಮ್ಮ ವಯಸ್ಸಿಗೆ ಚರ್ಮ ತೆಳುವಾಗಿ ನರ ಕಾಣುತ್ತದೆ. ಬಿಸಿಲಿಗೂ ಹಿಗ್ಗುತ್ತದೆ. ಚಿಕ್ಕವರಲ್ಲಿ ಚರ್ಮದಡಿಯ ಕೊಬ್ಬು ಕರಗಿ, ಸ್ನಾಯು ಗಟ್ಟಿಯಾದರೆ ಮೇಲೆದ್ದು ಕಾಣುತ್ತದೆ. ಹಸಿವಿನಿಂದ ಬಂದದ್ದಲ್ಲ ಇದು.”

“ಸ್ನಾಯು ಗಟ್ಟಿಯಾಗಾಕೆ ಏನು ಚಾಕರಿ ಮಾಡುಸ್ತಾರೆ ಹಂಗಾದ್ರೆ? ಕಲ್ಲು ಹೊರುಸ್ತಾರಾ?” ತಂಗಮಣಿಯ ಸ್ವರ ಇನ್ನೂ ಏರಿತು.

ಡಾ. ಮೇರಿ ಮಗಳ ಕಡೆ ತಿರುಗಿದರು. “ಕೃತ್ತಿಕಾ, ರಕ್ತದ ಮಾತು ನನ್ನದು, ಹೇಳಿದ್ದಾಯಿತು. ಉಳಿದದ್ದು ನಿನ್ನದು. ನಿಮ್ಮತ್ತೆ ಇನ್ನೆಷ್ಟು ಬೈಸಿಕೊಳ್ಳಬೇಕಮ್ಮ?”

ಅವಳು ಅತ್ತೆಯನ್ನು ನೋಡಿದಳು. “ಅಮ್ಮಾ, ನಾ ದಿನಾ ಓಡ್ತೀನಿ. ಕಬ್ಬಿಣದ ಗುಂಡು ಎಸಿತೀನಿ. ಪೊಲೀಸ್ ಸೆಲೆಕ್ಷನ್‌ಗೆ. ಅತ್ತೆ ಮೇಲೆ ತಪ್ಪಿಲ್ಲ.”

ತಂಗಮಣಿ ಬೀಗಿತ್ತಿಯ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತಾ?”

“ದಿನಾ ಅವಳ ಕೂಡ ಹೋಗೋಳೇ ನಾನು. ಗ್ರೌಂಡಲ್ಲಿ ನಾಯಿ ಕಾಟ.”

“ನಾ ಅಷ್ಟು ಬೈದ್ರೂ ಯಾಕೆ ಹೇಳ್ಳಿಲ್ಲ?”

“ಹೇಳಿದ್ರೆ ಕರ್ಕಂಡೋಗ್ತಿದ್ರಿ. ಹೇಳ್ದಿದ್ರೂ ಕರ್ಕಂಡೋಗ್ತಿದ್ರಿ. ಬೈಸ್ಕಂಡ್ರೆ ನಂಗೇನೂ ಸವಿಯಲ್ಲ ಸಂಬಂಧಿಯಮ್ಮಾ, ಆದ್ರೆ ಕಣ್ಣು ನಂಬಿ ಹೇಳಿದ್ಳು.”

ತಮ್ಮ ಮಗಳನ್ನು ಪಳನಿಯಮ್ಮ ಮುದ್ದಿನಿಂದ ‘ಕಣ್ಣು’ ಎಂದು ಕರೆದದ್ದನ್ನು ತಂಗಮಣಿ ಕೇಳಿಸಿಕೊಂಡರು. ಪೊಲೀಸ್ ಕೆಲಸಕ್ಕೆ ಒಪ್ಪಿದೆ ಎಂದು ಅವರು ಅಂದಿನವರೆಗೂ ಹೇಳಿರಲಿಲ್ಲ, ಅಂದೂ ಹೇಳಲಿಲ್ಲ. ಮುಖ ಗಂಟಿಕ್ಕಿಕೊಂಡೇ ಕೇಳಿದರು: “ಓಡಿ ಬಂದ್ಮೇಲೆ ಏನ್ ತಿಂತೀಯೆ?”

“ಅತ್ತೆ ಮೊಟ್ಟೆ ಬೇಯಿಸಿ ಕೊಡ್ತಾರೆ.”

“ಮೊಟ್ಟೆ ಒಂದೇ ಸಾಲ್ದು” ಎಂದರು ತಂಗಮಣಿ, ಬೀಗಿತ್ತಿಯ ಕಡೆಗೇ ನೋಡುತ್ತ. “ನಾ ಕಡಲೆಕಾಯಿ ಕಳಿಸ್ತೀನಿ. ನೆನೆಹಾಕಿ ಕೊಡಿ.” ಆ ದಿನ ಅನ್ನೂರಿನ ಟೌನ್ ಬಸ್ಸನ್ನು ಅವರೊಬ್ಬರೇ ಹತ್ತಿದರು.

ಈ ಗೆಲುವಿನಲ್ಲಿ ತಮ್ಮ ಪಾಲಿದೆಯೆಂದು ಡಾ. ಮೇರಿ ಒಪ್ಪುವುದಿಲ್ಲ. ಆದರೆ ನಾಲಗೆಯ ತುದಿಗೆ ಬಂದ ಒಂದು ವಾಕ್ಯವನ್ನು ತಡೆದು, ಅದನ್ನು ಹೇಳಬೇಕಾದವಳೇ ಹೇಳುವವರೆಗೆ ಪಕ್ಕದಲ್ಲಿ ನಿಂತದ್ದು ಎಷ್ಟು ಕಷ್ಟದ ಕೆಲಸವೆಂಬುದನ್ನು ಸೊಸೆಯೂ ಅತ್ತೆಯೂ ಆಗಿ ಬಾಳಿದ ಯಾವ ಹೆಣ್ಣಾದರೂ ಬಲ್ಲಳು.

ನಿವೃತ್ತಿಯ ನಂತರ ತಿರುಪ್ಪೂರಿನ ಹೊಲಿಗೆ ಕೆಲಸದ ಹೆಣ್ಣುಮಕ್ಕಳಿಗಾಗಿ ವಾರಕ್ಕೊಮ್ಮೆ ಕುಳಿತುಕೊಳ್ಳಲು ಅವರು ಒಪ್ಪಿದ್ದಾರೆ. ಅವರಿಗೆ ದೀರ್ಘಾಯುಸ್ಸೂ ನೆಮ್ಮದಿಯೂ ದೊರೆಯಲಿ. ಬಾಗಿಲಾಚೆ ಎಷ್ಟೇ ಜನ ಕಾದಿದ್ದರೂ, ಎದುರಿಗೆ ಕುಳಿತವಳು ಮಾತು ಶುರುಮಾಡುವವರೆಗೆ ಕಾಯುವಷ್ಟು ಹೊತ್ತು ಅವರಿಗೆ ಯಾವಾಗಲೂ ಇರಲಿ.