ಪೂವಮ್ಮಕ್ಕ ಹೇಳಿದ ಹುಟ್ಟುದಿನಗಳು

ಪೂವಮ್ಮಕ್ಕನಿಗೆ ಇಸವಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತುಳು ತಿಂಗಳು ಮತ್ತು ದಿನ. ಸುಗ್ಗಿ ಹದಿನಾಲ್ಕು, ಬೇಶ ಎರಡು, ಸೋಣದ ಕೊನೆಯ ದಿನ, ಹೀಗೆ. ವರ್ಷಕ್ಕೆ ಅವರದೇ ಗುರುತು: ಕಪ್ಪು ದನ ಅವಳಿ ಕರು ಹಾಕಿದ ವರ್ಷ, ಚಾರ್ಮಾಡಿ ರಸ್ತೆಯಲ್ಲಿ ಲಾರಿ ಮಗುಚಿ ಊರಿಗೆಲ್ಲ ಬೆಲ್ಲ ಸಿಕ್ಕಿದ ವರ್ಷ. ಕಕ್ಕಿಂಜೆಯ ಆಸುಪಾಸಿನಲ್ಲಿ ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಹೋಗುತ್ತಿದ್ದವರು ಅವರು. ಹೆರಿಗೆಗಳೆಲ್ಲ ಆಸ್ಪತ್ರೆ ಸೇರಿದರೂ ಮೀಯಿಸುವ ಕೆಲಸ ಮನೆಯಲ್ಲೇ ಉಳಿಯಿತು. ಎಪ್ಪತ್ತು ದಾಟಿದ ಮೇಲೂ ಅವರಿಗೆ ಬಿಡುವಿರಲಿಲ್ಲ.

ಸಾತ್ವಿಕಾ ಹುಟ್ಟಿದಾಗ ನಾನು ಕಕ್ಕಿಂಜೆಯ ತಾಯಿಮನೆಯಲ್ಲಿದ್ದೆ. ನಲವತ್ತು ದಿನ ಪೂವಮ್ಮಕ್ಕನ ಕೈಯಲ್ಲಿ. ಬೆಳಿಗ್ಗೆ ಎಂಟಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಂಡೆಯ ನೀರಿಗೆ ಬೆರಳು ಅದ್ದಿ ನೋಡಿ, ಮೊದಲು ನನ್ನನ್ನು ಕರೆಯುತ್ತಿದ್ದರು.

"ಕಾಲು ನೀಡು ಮಗಾ. ನಾಚಿಕೆಯನ್ನೆಲ್ಲ ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದಿ ಅಲ್ವಾ, ಇನ್ನು ನನ್ನ ಹತ್ರ ಎಂತ?"

ನೀರು ಹೊಯ್ಯುವ ಕೈಗೂ ಬಾಯಿಗೂ ಒಂದೇ ವೇಗ. ಇಂಥ ಮನೆಯ ಮಗು ಎಣ್ಣೆ ಹಚ್ಚುವಾಗ ನಿದ್ದೆ ಹೋಗುತ್ತಿತ್ತು, ಇಂಥ ಮನೆಯದಕ್ಕೆ ಹೊಕ್ಕುಳು ಒಣಗಲು ಹದಿನೆಂಟು ದಿನ ಬೇಕಾಯಿತು, ಇಂಥದ್ದು ಉಳಿಯಲಿಲ್ಲ. ಪ್ರತಿ ಮಗುವಿಗೂ ತಿಂಗಳು, ದಿನ. ನನಗೆ ಮೊದಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ; ಮಗು ಮಡಿಲಿಗೆ ಬಂದ ಮೇಲೆ ಪುಸ್ತಕ ಹಿಡಿಯಲು ಆಗದೆ ಫೋನಿನ ಟಿಪ್ಪಣಿ ಆ್ಯಪ್‌ನಲ್ಲಿ ಬರೆಯುತ್ತಿದ್ದೆ. ಹಾಲು ಕುಡಿಸುವಾಗ ಬಲಗೈಯ ಹೆಬ್ಬೆರಳು ಹೇಗೂ ಖಾಲಿ. ಪೂವಮ್ಮಕ್ಕ ಹೇಳಿದ ಒಂದೊಂದು ಮಗುವಿಗೂ ಒಂದೊಂದು ಟಿಪ್ಪಣಿ ಮಾಡಿದೆ. ಆ್ಯಪ್‌ನಲ್ಲಿ ಟಿಪ್ಪಣಿಯ ತಲೆಯ ಮೇಲೆ ಸಣ್ಣ ಚೌಕಗಳನ್ನು ಇಡಬಹುದು: ಮನೆ, ಊರು, ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ, ಹುಟ್ಟಿದ ದಿನ. ಅವುಗಳ ಕೆಳಗೆ ಅವರ ಮಾತು. ದಿನ ಚೌಕದಲ್ಲಿ ಇದ್ದೇ ಇದೆಯಲ್ಲ ಎಂದು ಕೆಳಗೆ ಮತ್ತೆ ಬರೆಯುತ್ತಿರಲಿಲ್ಲ. ಒಟ್ಟು ನೂರಾ ಹನ್ನೆರಡು ಮಕ್ಕಳಾದವು.

"ನಿನ್ನದು ಬಾಣಂತನವಾ, ಜನಗಣತಿಯಾ?" ಎಂದು ಶಿರ್ತಾಡಿಯಿಂದ ಫೋನ್ ಮಾಡಿದಾಗ ಲತೇಶ್ ಕೇಳುತ್ತಿದ್ದರು. ನನ್ನ ಗಂಡ.

ಮೂವತ್ತನೇ ದಿನವೋ ಏನೋ, ಪೂವಮ್ಮಕ್ಕ ತಮ್ಮ ಮಗಳ ವಿಷಯ ಹೇಳಿದರು. ಸಾತ್ವಿಕಾಳನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ವಾರಿಜ ಎಂದು ಹೆಸರು. ಕೊಕ್ಕಡದ ತವರಿನಲ್ಲಿ ಹೆತ್ತದ್ದು. ಅದೇ ವರ್ಷ ಪಕ್ಕದ ಮನೆಯಲ್ಲಿ ಒಂದು ಗಂಡು ಮಗು. ಅದನ್ನೂ ಇವರೇ ಮೀಯಿಸಿದ್ದು. ಮರುವರ್ಷ ವಾಂತಿಭೇದಿ ಬಂದಾಗ ಎಂಟು ದಿನಗಳ ಅಂತರದಲ್ಲಿ ಎರಡೂ ಹೋದವು.

"ಅವಕ್ಕೆ ಜೋಡಿ ಮಾಡ್ಬೇಕು ಅಂತ ನನಗೆ ಆಸೆ. ಆ ಮನೆಯ ತಾಯಿಗೆ ಮಗುವಿನ ಹೆಸರು ಎತ್ತಿದ್ರೆ ಆಗೂದಿಲ್ಲ. ಅವಳು ಇರುವವರೆಗೆ ನಾನು ಬಾಯಿ ತೆಗೆಯೂದಿಲ್ಲ."

ನಮ್ಮ ಕಡೆ ಈ ಕ್ರಮ ಉಂಟು. ಸಣ್ಣದರಲ್ಲೇ ತೀರಿಕೊಂಡ ಮಗುವಿಗೆ, ಬದುಕಿದ್ದರೆ ಮದುವೆಯ ಪ್ರಾಯ ಎನ್ನುವ ಹೊತ್ತಿಗೋ ಅದರ ನಂತರವೋ, ಹಾಗೆಯೇ ತೀರಿಕೊಂಡ ಇನ್ನೊಂದು ಮನೆಯ ಮಗುವನ್ನು ಹುಡುಕಿ ಮದುವೆ ಮಾಡುತ್ತಾರೆ. ಕುಲೆ ಮದಿಮೆ ಎನ್ನುತ್ತಾರೆ. ಸೀರೆ, ಕರಿಮಣಿ, ಊಟ ಎಲ್ಲವೂ ಉಂಟು. ಬರಿ ಬೇರೆ ಬೇರೆ ಇರಬೇಕು, ಹುಡುಗ ಹುಡುಗಿಗಿಂತ ದೊಡ್ಡವನಿರಬೇಕು ಎನ್ನುವ ಕಟ್ಟುನಿಟ್ಟೂ ಉಂಟು.

"ಇಬ್ಬರ ದಿನವೂ ಬರ್ದಿಡು ಮಗಾ. ನಾನು ಮರೆತರೆ ನಿನ್ನ ಫೋನಿಗಾದ್ರೂ ನೆನಪಿರ್ಲಿ," ಎಂದರು. ಬರೆದೆ. ಚೌಕದಲ್ಲಿ.

ಮಾರ್ಚಿನಲ್ಲಿ ಶಿರ್ತಾಡಿಗೆ ಮರಳಿದೆ. ಈ ಟಿಪ್ಪಣಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಮುದ್ರಿಸಿ, ಒಂದು ಪುಸ್ತಕದ ಹಾಗೆ ಮಾಡಿ ಪೂವಮ್ಮಕ್ಕನಿಗೆ ಕೊಡುವುದು ನನ್ನ ಯೋಚನೆ. ನೂರಾ ಹನ್ನೆರಡನ್ನು ಕೈಯಲ್ಲಿ ಜೋಡಿಸುತ್ತ ಕೂರಲು ನನಗೆಲ್ಲಿ ಹೊತ್ತು? ಆ್ಯಪ್‌ಗೆ ಪ್ಲಗಿನ್ ಎಂದು ಸಿಗುತ್ತದೆ. ದೊಡ್ಡ ಆ್ಯಪ್‌ನೊಳಗೆ ಕೂರಿಸುವ ಸಣ್ಣ ಆ್ಯಪ್. ಎಲ್ಲ ಟಿಪ್ಪಣಿಗಳ ಚೌಕಗಳನ್ನು ಒಮ್ಮೆಗೇ ತಿದ್ದುವ ಒಂದನ್ನು ಹಾಕಿಕೊಂಡೆ. ಮೊದಲು ಊರಿನ ಹೆಸರುಗಳನ್ನು ಸರಿ ಮಾಡಿದೆ, ಚೆನ್ನಾಗಿ ಆಯಿತು. ಧೈರ್ಯ ಬಂತು. ಹುಟ್ಟಿದ ದಿನದ ಚೌಕವನ್ನು 'ಬರಹ' ಇದ್ದದ್ದು 'ದಿನಾಂಕ' ಎಂದು ಬದಲಿಸಿದರೆ ಎಲ್ಲವೂ ತಾನಾಗಿ ದಿನದ ಕ್ರಮದಲ್ಲಿ ನಿಲ್ಲುತ್ತವೆ ಎಂದು ಅದರಲ್ಲಿ ಬರೆದಿತ್ತು. ದಿನಾಂಕವಲ್ಲದ್ದು ಸಿಕ್ಕಿದರೆ ಆ ಟಿಪ್ಪಣಿ ಬರೆದ ದಿನವನ್ನು ಹಾಕಲೇ ಎಂದೂ ಕೇಳಿತು. ಅದರ ಪಕ್ಕದ 'ಹೌದು' ಎನ್ನುವುದಕ್ಕೆ ಮೊದಲೇ ಗುರುತು ಬಿದ್ದಿತ್ತು. ನಾನು ಓದಿದೆ. ಓದಿಯೇ ಸರಿ ಎಂದು ಒತ್ತಿದೆ. ಯಾವುದಾದರೂ ಒಂದೆರಡು ಖಾಲಿ ಚೌಕ ಇರಬಹುದು, ತುಂಬಿಕೊಳ್ಳಲಿ ಎಂದು. ಸುಗ್ಗಿ ಹದಿನಾಲ್ಕು ಎನ್ನುವುದು ದಿನಾಂಕ ಅಲ್ಲ ಎಂದು ಯಾರಿಗಾದರೂ ಅನ್ನಿಸೀತು ಎಂದು ನನಗೆ ಹೊಳೆಯಲೇ ಇಲ್ಲ. ಹುಟ್ಟಿದಂದಿನಿಂದ ನಮ್ಮ ಮನೆಯಲ್ಲಿ ಅದು ದಿನಾಂಕವೇ.

ಪಟ್ಟಿ ಸಾಲಾಗಿ ನಿಂತಿತು. ನೋಡಲು ಚಂದ. ಮಗು ಎದ್ದಿತು, ಫೋನ್ ಕೆಳಗಿಟ್ಟೆ.

ಜೂನ್‌ನಲ್ಲಿ ಪೂವಮ್ಮಕ್ಕನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಭಾಗವೂ ಮಾತೂ ಹೋದವು. ಜುಲೈನಲ್ಲಿ ಒಂದು ದಿನ ಮಧ್ಯಾಹ್ನ ಅವರ ಮಗ ಸಂದೇಶಣ್ಣ ಫೋನ್ ಮಾಡಿದರು. ಕಕ್ಕಿಂಜೆಯಲ್ಲಿ ರಿಕ್ಷಾ ಇಟ್ಟುಕೊಂಡಿದ್ದಾರೆ. ಪ್ರಾಯ ಮೂವತ್ತೆಂಟು, ಮದುವೆ ಆಗಿಲ್ಲ.

"ನವ್ಯಾ, ನಿನ್ನ ಫೋನಿನಲ್ಲಿ ಅಮ್ಮ ಹೇಳಿದ್ದು ಎಲ್ಲ ಉಂಟಲ್ಲ?"

"ಉಂಟು ಅಣ್ಣ."

"ಬಚಾವು ಮಾರಾಯ್ತಿ."

ಆಮೇಲೆ ವಿಷಯ ಹೇಳಿದರು. ಬೆಳ್ತಂಗಡಿಯ ಸುಪ್ರೀತಾ ಎನ್ನುವ ಹುಡುಗಿಯ ಸಂಬಂಧ ಬಹಳ ಸಮಯದ ಮೇಲೆ ಕೂಡಿಬಂದಿತ್ತು. ಅವರ ಮನೆಯವರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದಾಗ, ಅಕ್ಕ ಕಾದು ನಿಂತಿದ್ದಾಳೆ, ಅವಳದ್ದು ಆಗದೆ ತಮ್ಮನದ್ದು ಆಗುವುದಿಲ್ಲ ಎಂದು ಕಂಡಿತಂತೆ. ಆಟಿ ತಿಂಗಳು ಮುಗಿಯುವುದರೊಳಗೆ ವಾರಿಜಳ ಮದುವೆ ಆದರೆ ಮುಂದುವರಿಯುವ, ಇಲ್ಲದಿದ್ದರೆ ಬಿಡುವ ಎಂದಿದ್ದಾರೆ. ಕೊಕ್ಕಡದ ಮನೆಯ ತಾಯಿ ಮೂರು ತಿಂಗಳ ಹಿಂದೆ ತೀರಿಕೊಂಡಿದ್ದರು. ಆ ಮಗುವಿನ ತಮ್ಮ ನೋಣಯ್ಯ ಎನ್ನುವವರು ಒಪ್ಪಿದ್ದಾರೆ, ಬರಿಯೂ ಸರಿಯಾಗುತ್ತದೆ. ಹುಡುಗನೇ ದೊಡ್ಡವನು ಎಂದು ಒಂದು ಗೊತ್ತಾದರೆ ಸಾಕು. ಒಂದೇ ವರ್ಷದ ಮಕ್ಕಳಾದ್ದರಿಂದ ತಿಂಗಳು ಬೇಕು. ಅವರ ಮನೆಯಲ್ಲಿ ಹೇಳುವವರು ಯಾರೂ ಉಳಿದಿಲ್ಲ.

ಫೋನ್ ಕಿವಿಯಲ್ಲಿ ಇಟ್ಟುಕೊಂಡೇ ಟಿಪ್ಪಣಿ ತೆರೆದೆ. ಕೊಕ್ಕಡದ ಮಗು, ಹುಟ್ಟಿದ ದಿನ: ಇದೇ ವರ್ಷ ಜನವರಿ ಒಂಬತ್ತು. ವಾರಿಜಳದ್ದೂ ಜನವರಿ ಒಂಬತ್ತು. ಮೇಲಿನದು, ಕೆಳಗಿನದು, ಬೆರಳು ಎಳೆದಷ್ಟೂ ಡಿಸೆಂಬರ್, ಜನವರಿ. ಅಜ್ಜಂದಿರಾದವರೂ ತೀರಿಹೋದವರೂ ನನ್ನ ಬಾಣಂತನದ ನಲವತ್ತು ದಿನಗಳೊಳಗೆ ಹುಟ್ಟಿದ್ದರು.

"ಅಣ್ಣ, ನಾನು ಆಮೇಲೆ ಮಾಡ್ತೇನೆ," ಎಂದು ಇಟ್ಟೆ.

ಲತೇಶ್‌ರ ಹಳೆಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ ಇತ್ತು. ಫೋನಿನಲ್ಲಿ ಬದಲಾದದ್ದು ಅಲ್ಲಿಯೂ ಬದಲಾಗುವ ಹಾಗೆ ನಾನೇ ಮಾಡಿಟ್ಟಿದ್ದೆ, ಎರಡು ಕಡೆ ಇದ್ದರೆ ಸುರಕ್ಷಿತ ಎಂದು. ಅಲ್ಲಿಯೂ ಜನವರಿ ಒಂಬತ್ತು. ಆ್ಯಪ್ ತನ್ನ ಹಳೆಯ ರೂಪವನ್ನು ಒಂದು ತಿಂಗಳು ಇಟ್ಟುಕೊಳ್ಳುತ್ತದಂತೆ, ನಾಲ್ಕು ಆಗಿತ್ತು. ಪ್ಲಗಿನ್ ಬಳಸುವವರ ಗುಂಪಿನಲ್ಲಿ ಕೇಳಿದೆ. ಎಲ್ಲಿಯವರೋ ಒಬ್ಬರು, ಬ್ಯಾಕಪ್ ತೆಗೆದಿಟ್ಟು ಮಾಡಬೇಕಿತ್ತು ಎಂದು ಬರೆದರು. ಇನ್ನಿಬ್ಬರು ಅದಕ್ಕೆ ಹೆಬ್ಬೆರಳು ತೋರಿಸಿದರು.

ಮರುದಿನ ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಮೂಡುಬಿದಿರೆಗೆ ಬಸ್ ಹತ್ತಿದೆ. ಕಂಪ್ಯೂಟರ್ ರಿಪೇರಿಯ ಇಮ್ತಿಯಾಝ್ ಒಂದೂವರೆ ಗಂಟೆ ನೋಡಿದರು. ಸಾತ್ವಿಕಾಳ ಕೈಗೆ ಒಂದು ಹಾಳಾದ ಮೌಸ್ ಕೊಟ್ಟು ಕೂರಿಸಿದ್ದರು.

"ಅಕ್ಕ, ಅಳಿಸಿದ್ದನ್ನು ಹುಡುಕಿ ತೆಗಿಬಹುದು. ಇದು ಅಳಿಸಿದ್ದಲ್ಲ. ಅದರ ಮೇಲೇ ಬೇರೆ ಬರ್ದದ್ದು. ಅಡಿಯಲ್ಲಿ ಎಂತ ಇತ್ತು ಅಂತ ಇದಕ್ಕೇ ಗೊತ್ತಿಲ್ಲ."

"ಒಂದೇ ಒಂದು ಸಿಕ್ಕಿದ್ರೂ ಸಾಕಿತ್ತು."

"ಒಂದೂ ನೂರೂ ಇದಕ್ಕೆ ಒಂದೇ ಅಕ್ಕ." ದುಡ್ಡು ಬೇಡ ಎಂದರು.

ಲತೇಶ್ ಊಟಕ್ಕೆ ಕೂತವರು, "ಹುಡುಗ ಎರಡು ತಿಂಗಳು ದೊಡ್ಡವ ಅಂತ ಹೇಳಿಬಿಡು. ಯಾರಿಗೂ ನಷ್ಟ ಇಲ್ಲ. ಆ ಸಂದೇಶನಿಗೊಂದು ಮದುವೆಯಾದ್ರೂ ಆಗ್ಲಿ," ಎಂದರು. ತಮಾಷೆಗಲ್ಲ. ಆ ಮೂರು ದಿನ ನಾನೂ ಅದನ್ನೇ ಯೋಚಿಸಿದ್ದೆ. ಸಾತ್ವಿಕಾಳ ಬಟ್ಟೆ ಒಗೆಯುವಾಗ ಒಂದು ತಿಂಗಳು ಆರಿಸುತ್ತಿದ್ದೆ, ಒಣಗಿಸುವಾಗ ಅದನ್ನು ಬಿಡುತ್ತಿದ್ದೆ. ನಿಜವಾಗಿ ಪೂವಮ್ಮಕ್ಕ ಏನೆಂದಿದ್ದರು? ಅವರ ಬೆರಳು ಮಗುವಿನ ಮಂಡಿಯ ಸುತ್ತ ತಿರುಗುತ್ತಿದ್ದದ್ದು ನೆನಪಿದೆ. ಎಣ್ಣೆಯ ವಾಸನೆ ನೆನಪಿದೆ. ತಿಂಗಳು ನೆನಪಿಲ್ಲ.

ಬರುತ್ತೇನೆ ಎಂದಷ್ಟೇ ಸಂದೇಶಣ್ಣನಿಗೆ ತಿಳಿಸಿ ಭಾನುವಾರ ಕಕ್ಕಿಂಜೆಗೆ ಹೋದೆ. ಪೂವಮ್ಮಕ್ಕನ ಮನೆಯಲ್ಲಿ ಅವರ ಗಂಡ ರುಕ್ಮಯ್ಯಣ್ಣ, ಸಂದೇಶಣ್ಣ, ಮತ್ತೆ ಕೊಕ್ಕಡದಿಂದ ಬಂದ ನೋಣಯ್ಯನವರು ಕೂತಿದ್ದರು. ಹೋದ ತಕ್ಷಣ ಸಂದೇಶಣ್ಣನನ್ನು ಹಿತ್ತಲಿಗೆ ಕರೆದು ಆದದ್ದನ್ನು ಹೇಳಿದೆ. ಅವರು ನನ್ನ ಫೋನನ್ನೇ ನೋಡುತ್ತ ನಿಂತರು.

"ಅಮ್ಮನನ್ನು ಕೇಳಿ ನೋಡುವ," ಎಂದರು ಕೊನೆಗೆ.

ಪೂವಮ್ಮಕ್ಕ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಸಾತ್ವಿಕಾಳನ್ನು ಕಂಡು ಬಾಯಿಯ ಒಂದು ಬದಿ ನಕ್ಕಿತು. ಎಡಗೈ ಅವಳ ಕಾಲನ್ನು ಹುಡುಕಿ ಹಿಡಿಯಿತು.

"ಪೂವಮ್ಮಕ್ಕ, ಕೊಕ್ಕಡದ ಗಂಡು ಮಗು. ಯಾವ ತಿಂಗಳು? ನಾನು ಹೇಳ್ತಾ ಹೋಗ್ತೇನೆ, ಸರಿಯಾದದ್ದು ಬರುವಾಗ ತಲೆ ಆಡಿಸಿ. ಪಗ್ಗು?"

ತಲೆ ಆಡಿಸಿದರು. ಸಂದೇಶಣ್ಣ ಉಸಿರು ಬಿಟ್ಟರು.

"ಬೇಶ?" ಎಂದು ಸುಮ್ಮನೆ ಕೇಳಿದೆ. ಅದಕ್ಕೂ ಆಡಿಸಿದರು. ಕಾರ್ತೆಲ್‌ಗೂ, ಆಟಿಗೂ, ಸೋಣಕ್ಕೂ. ಹನ್ನೆರಡು ತಿಂಗಳಿಗೂ ಅದೇ ಪ್ರೀತಿಯಿಂದ ತಲೆ ಆಡಿಸಿದರು. ಕಣ್ಣು ಪೂರ್ತಿ ನನ್ನ ಮಗುವಿನ ಮೇಲಿತ್ತು.

"ಸಾಕು ಬಿಡು ನವ್ಯಾ," ಎಂದರು ಸಂದೇಶಣ್ಣ.

ಜಗಲಿಗೆ ಬಂದಾಗ ನೋಣಯ್ಯನವರು ಚಹಾ ಕುಡಿದು ಲೋಟ ಕೆಳಗಿಡುತ್ತಿದ್ದರು. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ರುಕ್ಮಯ್ಯಣ್ಣ ಅವರಿಗೆ, ವಾರಿಜ ಹುಟ್ಟಿದ್ದು ಮಾಯಿ ತಿಂಗಳಲ್ಲಿ, ಅಷ್ಟು ನನಗೆ ನೆನಪುಂಟು, ದಿನ ಮಾತ್ರ ಇವಳಿಗೇ ಗೊತ್ತಿದ್ದದ್ದು ಎಂದು ಹೇಳುತ್ತಿದ್ದರು.

"ನಮ್ಮ ಅಣ್ಣನದ್ದು ನೀವು ಬರ್ದಿಟ್ಟದ್ದು ಹೌದಾ?" ಎಂದು ನೋಣಯ್ಯನವರು ನನ್ನನ್ನು ಕೇಳಿದರು.

ಸಂದೇಶಣ್ಣ ನನ್ನ ಕಡೆ ನೋಡಲಿಲ್ಲ. ಒಂದು ತಿಂಗಳ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ನಾಲಗೆಯ ತುದಿಯಲ್ಲೇ ಇತ್ತು, ಪುಯಿಂತೆಲ್, ಮಾಯಿಗಿಂತ ಒಂದು ತಿಂಗಳು ಮೊದಲು. ಸುಳ್ಳು ಹೇಳಿದರೆ ತೀರಿಹೋದ ಮಕ್ಕಳಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಆ ಮನುಷ್ಯ ನನ್ನ ಮಾತು ನಂಬಲು ಕೊಕ್ಕಡದಿಂದ ಬಂದಿದ್ದರು.

"ಬರ್ದಿದ್ದೆ. ಈಗ ಇಲ್ಲ. ನನ್ನ ಕೈಯಿಂದಲೇ ಹೋಯ್ತು," ಎಂದೆ. ಹೇಗೆ ಹೋಯಿತು ಎಂದೂ ವಿವರಿಸಿದೆ. ಪ್ಲಗಿನ್ ಎಂದಾಗ ರುಕ್ಮಯ್ಯಣ್ಣ ಕರೆಂಟಿನದ್ದೇನೋ ಎಂದುಕೊಂಡು ಗೋಡೆಯ ಕಡೆ ನೋಡಿದರು.

"ಹಾಗಾದ್ರೆ ಕಷ್ಟ," ಎಂದರು ನೋಣಯ್ಯನವರು. "ಇದ್ದವರಿಗಾದ್ರೆ ಹೇಗೂ ಹೊಂದಿಕೊಳ್ಳಿ ಅನ್ನಬಹುದು. ಹೋದವರಿಗೆ ತಪ್ಪಿ ಮಾಡಿದ್ರೆ ತಿದ್ದುವವರು ಯಾರು? ಬೇಜಾರು ಮಾಡ್ಬೇಡ ಸಂದೇಶ."

"ಇಲ್ಲ ಇಲ್ಲ. ನೀವು ಬಂದದ್ದೇ ದೊಡ್ಡದು."

ಎದ್ದವರು ಮೆಟ್ಟಿಲ ಹತ್ತಿರ ನಿಂತು, "ದಿನ ಬಿಟ್ಟು ಬೇರೆ ಎಂತಾದ್ರೂ ಉಂಟಾ ಅದರಲ್ಲಿ?" ಎಂದು ಕೇಳಿದರು.

ಓದಿದೆ. "ತಲೆ ತುಂಬ ಕೂದಲು. ಎಡಗೈಯ ಮುಷ್ಟಿ ಬಿಡಿಸಲು ಬಿಡುತ್ತಿರಲಿಲ್ಲ. ನೀರು ಹೊಯ್ದರೆ ಎಲ್ಲ ಮಕ್ಕಳು ಅಳುತ್ತವೆ, ಅದು ನಗುತ್ತಿತ್ತು."

"ನಗ್ತಿತ್ತಾ," ಎಂದರು. "ನಮ್ಮ ಅಮ್ಮ ಒಂದು ಶಬ್ದ ಹೇಳಿದವಳಲ್ಲ. ಅದನ್ನು ನನಗೊಂದು ಕಳಿಸ್ತೀರಾ?"

ಕಳಿಸಿದೆ. ಜನವರಿ ಒಂಬತ್ತನ್ನು ತೆಗೆದು ಕಳಿಸಿದೆ.

ಆಟಿ ಮುಗಿಯಿತು. ಸುಪ್ರೀತಾಳ ಮನೆಯವರು ಜಾತಕ ಹಿಂದೆ ಕೊಟ್ಟರು. ಸಂದೇಶಣ್ಣ ಫೋನ್ ಮಾಡಿ ಹೇಳುವಾಗ ರಿಕ್ಷಾದ ಸದ್ದು ಕೇಳುತ್ತಿತ್ತು. ನಾನು ತಪ್ಪಾಯಿತು ಎನ್ನಲು ಹೊರಟರೆ, "ಬೇಕೂಂತ ಮಾಡಿದ್ದಾ ನೀನು? ಬಿಡು. ಅಮ್ಮನಿಗೆ ಹೇಳ್ಲಿಲ್ಲ. ನೀನು ಬಂದ್ರೂ ಹೇಳ್ಬೇಡ. ಮಗುವನ್ನು ಒಮ್ಮೆ ಕರ್ಕೊಂಡು ಬಾ, ಅಷ್ಟೇ," ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಇವತ್ತು ಕೂತು ವಾರಿಜಳ ಟಿಪ್ಪಣಿ ತೆರೆದೆ. ಹುಟ್ಟಿದ ದಿನದ ಚೌಕದಲ್ಲಿ 'ಮಾಯಿ' ಎಂದು ಬರೆಯಲು ಹೋದರೆ ಅದು ತೆಗೆದುಕೊಳ್ಳಲಿಲ್ಲ, ಕೆಂಪಾಯಿತು. ಚೌಕವನ್ನೇ ಅಳಿಸಿದೆ. ಕೆಳಗೆ, ಪೂವಮ್ಮಕ್ಕನ ಮಾತಿನ ಪಕ್ಕದಲ್ಲಿ, "ಮಾಯಿ ತಿಂಗಳು. ದಿನ ಗೊತ್ತಿಲ್ಲ" ಎಂದು ಬರೆದೆ. ಕೊಕ್ಕಡದ ಮಗುವಿನದಕ್ಕೆ "ತಿಂಗಳೂ ಗೊತ್ತಿಲ್ಲ" ಎಂದೆ. ಉಳಿದ ನೂರಾ ಹತ್ತಕ್ಕೂ ಸುಳ್ಳು ದಿನ ತೆಗೆದು ಹೀಗೆಯೇ ಬರೆಯಬೇಕು. ಒಮ್ಮೆಗೇ ಮಾಡಿಕೊಡುವ ಪ್ಲಗಿನ್ ಉಂಟು. ಒಂದೊಂದನ್ನೇ ತೆರೆಯುತ್ತಿದ್ದೇನೆ, ಬದುಕಿದವರ ಮನೆಗಳಿಗಾದರೂ ಫೋನ್ ಮಾಡಿ ಕೇಳಬಹುದು. ಇವತ್ತಿಗೆ ನಾಲ್ಕು ಆಯಿತು.